ಒಂದೇ ಪದದಲ್ಲಿ ಹೇಳಿ, ಮೇಡಂ

ತಣ್ಣಗಿದೆ ಈ ಬ್ರಷ್ಷು, ಮೂಗಿನ ಪಕ್ಕಕ್ಕೆ ಬಂದಾಗ ಬೆಕ್ಕು ಮೂಸಿದ ಹಾಗೆ, ಸೀನು ಬರುತ್ತದೆ, ಬರಬಾರದು, ಈಗ ಸೀನಿದರೆ ನನಗೆ ಹಚ್ಚಿದ್ದೆಲ್ಲ ಮೇಕಪ್ಪಿನ ಹೆಂಗಸಿನ ಮುಖಕ್ಕೆ ವರ್ಗವಾಗುತ್ತದೆ — ಮೇಡಂ ಕಣ್ಣು ಮೇಲೆ, ಸೀಲಿಂಗ್ ನೋಡಿ, ಹಾಂ ಹಾಗೇ ಇರಿ — ಸೀಲಿಂಗಿನಲ್ಲಿ ನೀರು ಸೋರಿದ ಕಂದು ಕಲೆ, ಎಡದಿಂದ ಬಲಕ್ಕೆ ಏರುತ್ತಾ ಏರುತ್ತಾ ಫ್ಯಾನಿನ ಬುಡ ಮುಟ್ಟಿದೆ, ಗೂಳಿಗೆ ತೋರಿಸಿದರೆ ಇದರಲ್ಲೂ ಏರುಗತಿ ಕಾಣುತ್ತಾನೆ, ನೋಡ್ತಿರಿ ಮೇಡಂ ಛಾವಣಿ ಒಡ್ಕೊಂಡು ಹೋಗತ್ತೆ ಅನ್ನುತ್ತಾನೆ. ಗೂಳಿ ಪಕ್ಕದ ಕುರ್ಚಿಯಲ್ಲಿ ಆಗಲೇ ಸಿಂಗಾರವಾಗಿ ಕೂತಿದ್ದಾನೆ, ಅಂಗಿಗೆ ಪೌಡರು ಬೀಳದಿರಲೆಂದು ಕೊರಳಿಗೆ ಸಿಕ್ಕಿಸಿದ ಕಾಗದ ತೆಗೆಯಲು ಮರೆತಿದ್ದಾನೆ, ಊಟಕ್ಕೆ ಕೂರಿಸಿದ ಮಗುವಿನ ಹಾಗೆ ಕಾಣುತ್ತಾನೆ, ಹೇಳಲೇ, ಬೇಡ, ಎದುರಾಳಿಗೆ ಅಷ್ಟೊಂದು ಉಪಕಾರ ಒಳ್ಳೆಯದಲ್ಲ. ಯಾವ ಷೇರು ಕೇಳಿದರೂ ಏರುತ್ತದೆ ಅನ್ನುವವನಿಗೆ ಷೇರುಪೇಟೆಯ ಭಾಷೆಯಲ್ಲಿ ಗೂಳಿ ಅನ್ನದೆ ಇನ್ನೇನನ್ನಬೇಕು, ಅವನಿಗೂ ಬೇಜಾರಿಲ್ಲ, ಹಾಗೆ ಕರೆದರೆ ಕತ್ತು ಇನ್ನಷ್ಟು ದಪ್ಪ ಮಾಡಿಕೊಳ್ಳುತ್ತಾನೆ. ಇವತ್ತು ನಮ್ಮಿಬ್ಬರಿಗೂ ಹಂಚಿಕೊಟ್ಟ ಜಗಳ ಕನ್ನಡಿಯ ಮೂಲೆಯಲ್ಲಿ ಅಂಟಿಸಿದೆ, ಬ್ರೋಕರೇಜ್ ಕಂಪನಿಗಳ ಷೇರು, ಬೆಲೆ ಅತಿಯಾಯಿತೇ, ಪ್ರಶ್ನಾರ್ಥಕ ಚಿಹ್ನೆ. ಆಯಿತು ಅನ್ನುವವಳು ನಾನು, ಎಲ್ಲಿ ಆಯಿತು ಅನ್ನುವವನು ಅವನು. ತಮಾಷೆ ಏನೆಂದರೆ ನಾನೂ ಜನರಿಗೆ ಷೇರು ಕೊಡಿಸಿ ಮಾರಿಸಿ ಕಮಿಷನ್ ಪಡೆಯುವ ಇಂಥದೇ ಒಂದು ಬ್ರೋಕರೇಜ್ ಕಂಪನಿಯ ಸಂಬಳ ತಿಂದುಕೊಂಡೇ ಷೇರುಗಳ ತೂಕ ನೋಡಿ ಬರೆಯುವವಳು, ಹೋಟೆಲಿನ ಅಡುಗೆಯವಳನ್ನು ಕೂರಿಸಿಕೊಂಡು ಹೋಟೆಲ್ ಊಟ ಮೈಗೆ ಒಗ್ಗುತ್ತದೆಯೇ ಎಂದು ಕೇಳಿದ ಹಾಗೆ — ತುಟಿ ಸಡಿಲ ಬಿಡಿ ಮೇಡಂ, ಒಂದು ಮಾತು ಕೇಳ್ಲಾ, ನಾನೂ ಆ್ಯಪ್ ಹಾಕ್ಕೊಂಡಿದೀನಿ, ಒಂಚೂರು ಷೇರು ತಗೊಂಡಿದೀನಿ. ಯಾವುದು ಅಂದೆ ತುಟಿ ಅಲುಗಿಸದೆ. ಆ ಆ್ಯಪ್ ಕಂಪನೀದೇ ಮೇಡಂ, ನಮ್ಮ ಓಣಿಯೋರೆಲ್ಲ ಅದರಲ್ಲೇ ಇದಾರೆ, ಅಂದ್ಮೇಲೆ ಚೆನ್ನಾಗೇ ನಡೀತಿದೆ ಅಂತಾಯ್ತಲ್ಲ. ಮ್ಮ್ ಅಂದೆ. ನನ್ನ ಕಸುಬಿನಲ್ಲಿ ಮ್ಮ್ ಅನ್ನುವುದಕ್ಕೂ ಅರ್ಥ ಹಚ್ಚುವವರಿದ್ದಾರೆ, ಹಲ್ಲಿನ ಡಾಕ್ಟರು ಬಾಯಿಗೆ ಹತ್ತಿ ತುರುಕಿ ಕೇಳಿದಾಗ ಬಂದ ಮ್ಮ್ ನಂಬಿಕೊಂಡು ಯಾವುದೋ ಷೇರು ಕೊಂಡು ಕೈ ಸುಟ್ಟುಕೊಂಡು, ಮುಂದಿನ ಸಲ ಸೂಜಿ ಸ್ವಲ್ಪ ಜೋರಾಗಿಯೇ ಚುಚ್ಚಿದರು.

ಬೆಳಿಗ್ಗೆ ಅಕ್ಕ ಫೋನ್ ಮಾಡಿದಾಗ ಹಲ್ಲುಜ್ಜುತ್ತಿದ್ದೆ, ಉಗುಳಿ ಬಾ, ಕಾಯ್ತೀನಿ ಅಂದಳು, ಉಗುಳಿ ಬಂದೆ, ಇವತ್ತು ಟಿವಿಲಿ ಬರ್ತೀಯಂತೆ, ಕೆಳಗಿನ ಮನೆಯೋರು ಹೇಳಿದ್ರು, ನೀನಂತೂ ಹೇಳಲ್ಲ ಬಿಡು, ನಮ್ಮ ಷೇರಿನ ವಿಷಯವೇ ಅಂತೆ. ಹೌದಕ್ಕ. ಹಾಗಾದ್ರೆ ಕೇಳಿಸ್ಕೋ, ಅಲ್ಲಿ ನೀನು ಏನು ಹೇಳ್ತೀಯೋ ನಾಳೆ ನಾನು ಅದನ್ನೇ ಮಾಡ್ತೀನಿ. ಅಕ್ಕಾ, ಅದು ಊರಿಗೆಲ್ಲ ಹೇಳೋ ಮಾತು. ಅದಕ್ಕೇ ಬೇಕು ನಂಗೆ, ಮನೇಲಿ ಕೇಳಿದ್ರೆ ನೀನು ನನ್ನ ಮುಖ ನೋಡ್ತೀಯ, ಎಲ್ಲಿ ಅತ್ತುಬಿಡ್ತಾಳೋ ಅಂತ ನೋಡ್ಕೊಂಡು ಹೇಳ್ತೀಯ, ಟಿವಿ ಒಳಗಿಂದ ನನ್ನ ಮುಖ ಕಾಣಲ್ವಲ್ಲ. ನನ್ನಕ್ಕ ಹೀಗೆ, ಜೀವಮಾನದಲ್ಲಿ ಒಂದು ವಾರ್ಷಿಕ ವರದಿ ಓದಿದವಳಲ್ಲ, ಆದರೆ ತಂಗಿಯನ್ನು ಅಕ್ಷರ ಬಿಡದೆ ಓದಿದ್ದಾಳೆ. ಭಾವ ಹೋಗಿ ವರ್ಷವಾಗುತ್ತಾ ಬಂತು, ಪಿಂಚಣಿ ಇಲ್ಲ, ಸ್ವಂತ ಮನೆಯಿಲ್ಲ, ಮಕ್ಕಳಿಲ್ಲ, ಇರುವುದು ಅವರು ದುಡಿದ ಬ್ರೋಕರೇಜ್ ಕಂಪನಿಯ ಷೇರುಗಳು, ಅಷ್ಟೇ, ಅಕ್ಕನ ಮುಂದಿನ ಬದುಕೆಲ್ಲ ಒಂದೇ ಮೊಳೆಗೆ ನೇತುಹಾಕಿದ ಹಾಗೆ. ಆ ಮೊಳೆ ಕಳಚಿದರೆ ಅವಳು ನಮ್ಮ ಮನೆಗೆ ಬರಬೇಕು, ಬಾ ಅಂತ ನಾನು ಎಷ್ಟು ಸಲ ಕರೆದಿಲ್ಲ, ಬಂದ್ರೆ ಎಲ್ಲಿ ಮಲಗ್ಲಿ, ಹಾಲಲ್ಲಾ, ಹಗಲೆಲ್ಲ ಎಲ್ಲರೂ ಕೂರೋ ಸೋಫಾ ಮೇಲೆ ರಾತ್ರಿ ನಾನು ಬೀಳೋದಾ, ಸ್ವಲ್ಪ ದಿನಕ್ಕೆ ನಾನೂ ಸೋಫಾನೇ ಆಗಿಬಿಡ್ತೀನಿ, ಧೂಳು ಹೊಡೆದ್ಬಿಟ್ಟು ಹೋಗ್ತೀರಾ. ನಗುತ್ತಲೇ ಅಂದಳು, ನಾನೂ ನಕ್ಕೆ. ಆಗಲೇ ಫೋನಿನಲ್ಲೇ ಹೇಳಿಬಿಡಬಹುದಿತ್ತು, ಹೇಳುವ ಹಾಗಿಲ್ಲ, ಹೊಸ ಅಭಿಪ್ರಾಯ ಹೊರಗೆ ಬೀಳುವ ಮುಂಚೆ ಮನೆಯ ಗೋಡೆಗೂ ಉಸುರುವಂತಿಲ್ಲ ಎಂದು ಕಂಪನಿಯ ಕಾನೂನು, ಕಾನೂನು ನೋಡುವ ಅಧಿಕಾರಿಗೆ ನಾನೇ ಹೋಗಿ ತಿಳಿಸಿದ್ದೆ, ನಮ್ಮಕ್ಕನ ಹತ್ರ ಈ ಷೇರಿದೆ, ಟಿವಿಯಲ್ಲಿ ಅದನ್ನೂ ತೋರಿಸಿ. ಅವರು ಕನ್ನಡಕ ಏರಿಸಿ, ಅಕ್ಕ ನಿಮ್ಮ ಅವಲಂಬಿತರಾ ಅಂದರು, ಇಲ್ಲ ಸಾರ್, ನಾನೇ ಅವಳ ಅವಲಂಬಿತೆ ಅಂದೆ, ಅದಕ್ಕೆ ಕಾಲಂ ಇಲ್ಲ ಮೇಡಂ ಅಂದರು ಬಹಳ ವಿಷಾದದಿಂದ.

ಮೂರೇ ಪದ ನಮ್ಮ ಕಸುಬಿನಲ್ಲಿ, ಕೊಳ್ಳಿ, ಮಾರಿ, ಇಟ್ಟುಕೊಳ್ಳಿ, ಯಾವ ಪುಣ್ಯಾತ್ಮ ತರ್ಜುಮೆ ಮಾಡಿದನೋ, ಒಂದು ಉರಿಯುವ ಕೊಳ್ಳಿ, ಒಂದು ಮನೆಹಾಳು ಮಾರಿ, ಇನ್ನೊಂದು ಯಾರೋ ಯಾರನ್ನೋ ಇಟ್ಟುಕೊಂಡ ಗುಟ್ಟಿನ ಸಂಸಾರದ ಹಾಗೆ. ಈ ಕಾರ್ಯಕ್ರಮದ ಪದ್ಧತಿಯೂ ಅದೇ, ಎಷ್ಟಾದರೂ ಕಿತ್ತಾಡಿ, ಕೊನೆಗೆ ಮೂರರಲ್ಲಿ ಒಂದೇ ಪದ ಹೇಳಬೇಕು, ಹೇಳಿದ್ದು ಪರದೆಯ ಕೆಳಗಿನ ಕೆಂಪು ಪಟ್ಟಿಯಲ್ಲಿ ಓಡುತ್ತದೆ, ಊರು ಅದನ್ನೇ ನಂಬುತ್ತದೆ, ಅದರ ಹಿಂದಿನ ಅರ್ಧ ಗಂಟೆ ಊರು ಕಾಫಿ ಮಾಡಿಕೊಳ್ಳುತ್ತಿರುತ್ತದೆ. ಮಧ್ಯಾಹ್ನ ಹೊರಡುವಾಗ ನಮ್ಮ ಮುಖ್ಯಸ್ಥರು ಲಿಫ್ಟಿನವರೆಗೂ ಬಂದರು, ಆದರೂ ಸಾರ್ ಎಂದು ಅವರನ್ನು ಕರೆಯುತ್ತೇವೆ, ಯಾವ ಮಾತನ್ನೂ ಆದರೂ ಇಲ್ಲದೆ ಶುರು ಮಾಡಿದವರಲ್ಲ, ಆದರೂ ಮಾರಿ ಅಂತೆಲ್ಲ ಅನ್ನಕ್ಕೆ ಹೋಗ್ಬೇಡಿ ಮೇಡಂ, ನಮ್ಮ ಕಂಪನಿ ಷೇರೂ ಇನ್ನೊಂದು ಆರು ತಿಂಗಳಲ್ಲಿ ಮಾರುಕಟ್ಟೆಗೆ ಬರತ್ತೆ, ಬ್ರೋಕರೇಜ್ ಷೇರೇ ಬೇಡ ಅಂತ ನಮ್ಮೋರೇ ಅಂದ್ರೆ ಹೇಗೆ, ಇಟ್ಟುಕೊಳ್ಳಿ ಅಂದ್ಬಿಡಿ, ತಿಳಿದೋರಿಗೆ ತಿಳಿಯತ್ತೆ. ತಿಳಿಯುತ್ತದೆ, ನಿಜ. ಇಟ್ಟುಕೊಳ್ಳಿ ಅಂದರೆ ನಮ್ಮ ಕಸುಬಿನಲ್ಲಿ ಮರ್ಯಾದಸ್ಥರು ಮಾರಿ ಅನ್ನುವ ರೀತಿ, ಕಂಪನಿಯವರಿಗೆ ಕೋಪ ಬರಬಾರದು, ಊಟಕ್ಕೆ ಕರೆಯುವುದು ನಿಲ್ಲಬಾರದು, ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಡ್ಡಗೋಡೆಯ ಮೇಲೆ ದೀಪವಿಟ್ಟು ಎರಡು ಮನೆಗೂ ಬೆಳಕು ಕೊಟ್ಟೆ ಅನ್ನಬೇಕು. ದೊಡ್ಡ ದೊಡ್ಡ ಫಂಡಿನವರು ಇಟ್ಟುಕೊಳ್ಳಿ ಎಂದು ಓದಿ ಅದೇ ಮಧ್ಯಾಹ್ನ ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ, ಯಾರಿಗೂ ನೋವಿಲ್ಲ, ಎಲ್ಲರಿಗೂ ಗೊತ್ತು, ಅಕ್ಕನಿಗೆ ಗೊತ್ತಿಲ್ಲ. ಅಕ್ಕ ತಿಳಿದೋರಲ್ಲ. ಅಕ್ಕನಿಗೆ ಇಟ್ಟುಕೊಳ್ಳಿ ಅಂದರೆ ಇಟ್ಟುಕೊಳ್ಳಿ, ಅದೂ ಎಂಥ ಪದ ಅವಳಿಗೆ.

ಭಾವನ ಪದ ಅದು, ಅವರ ಇಡೀ ವೃತ್ತಿಯೇ ಆ ಒಂದು ಪದ. ಫೋನ್ ಡೀಲರ್, ಗಿರಾಕಿ ಫೋನಿನಲ್ಲಿ ಹೇಳಿದ್ದನ್ನು ಕೊಳ್ಳುವುದು, ಮಾರುವುದು, ಕೊಂಡರೂ ಕಂಪನಿಗೆ ಚಿಟಿಕೆಯಷ್ಟು, ಮಾರಿದರೂ ಚಿಟಿಕೆಯಷ್ಟು, ಸುಮ್ಮನಿದ್ದರೆ ಮಾತ್ರ ಏನೂ ಇಲ್ಲ, ಆದ್ದರಿಂದ ಡೀಲರಾದವನು ಗಿರಾಕಿಯನ್ನು ಸುಮ್ಮನಿರಲು ಬಿಡಬಾರದು, ತುರಿಸುತ್ತಿರಬೇಕು. ನಮ್ಮ ಭಾವ ಫೋನ್ ಎತ್ತಿ, ಇಟ್ಕೊಳ್ಳಿ ಸಾರ್, ಸುಮ್ನೆ ಇಟ್ಕೊಳ್ಳಿ, ಮನೇಲಿ ಎಲ್ಲ ಆರಾಮಾ, ಹಾಗಾದ್ರೆ ಇಟ್ಕೊಳ್ಳಿ, ಮದುವೆ ದಲ್ಲಾಳಿ ಮನೆಮನೆಗೆ ಹೋಗಿ ಬ್ರಹ್ಮಚರ್ಯ ಬೋಧಿಸಿದ ಹಾಗೆ, ಬಡ್ತಿ ಎಲ್ಲಿಂದ ಬರಬೇಕು. ಪಕ್ಕದ ಮೇಜಿನವರೆಲ್ಲ ಮ್ಯಾನೇಜರಾಗಿ ಗಾಜಿನ ಕೋಣೆಗೆ ಹೋದರು, ಇವರು ಫೋನಿನ ಹತ್ತಿರವೇ ಉಳಿದರು, ಇಟ್ಕೊಳ್ಳಿ ಸಾರ್ ಎಂದು ಅಡ್ಡಹೆಸರು ಬಿತ್ತು. ಮಾರುಕಟ್ಟೆ ಮಕಾಡೆ ಮಲಗಿದ ವರ್ಷ ಬೋನಸ್ಸಿಗೆ ದುಡ್ಡಿಲ್ಲ ಎಂದು ಕಂಪನಿ ಎಲ್ಲರಿಗೂ ಷೇರು ಹಂಚಿತು, ಎಲ್ಲರೂ ಬೈದುಕೊಂಡು ಸಿಕ್ಕ ಬೆಲೆಗೆ ಮಾರಿಕೊಂಡರು, ಭಾವ ಮಾರಲಿಲ್ಲ, ಊರಿಗೆಲ್ಲ ಇಟ್ಕೊಳ್ಳಿ ಅಂದವರು ತಾವು ಇಟ್ಕೊಳ್ಳದೇ ಇರ್ತಾರಾ ಅಂದಳು ಅಕ್ಕ, ಆಗ ಅವಳ ದನಿಯಲ್ಲಿ ಸ್ವಲ್ಪ ಸಿಟ್ಟಿತ್ತು, ಮನೆಗೆ ಫ್ರಿಜ್ ಬೇಕಿತ್ತು. ಆ ಷೇರೇ ಈಗ ಗಗನಕ್ಕೆ ಹೋಗಿ ಕೂತಿದೆ. ಗಗನದಲ್ಲಿ ಕೂರಲು ಕುರ್ಚಿ ಇರುವುದಿಲ್ಲ ಅನ್ನುವುದು ನನ್ನ ವಾದ — ಬನ್ನಿ ಬನ್ನಿ, ಸ್ಟುಡಿಯೋ ರೆಡಿ, ಮೇಡಂ ಈ ವೈರು ಒಳಗಿಂದ ತಗೊಳ್ಳಿ, ಸಾರ್ ಕೊರಳಲ್ಲಿ ಪೇಪರ್ ಇದೆ — ಅಂತೂ ಯಾರೋ ಹೇಳಿದರು.

ಬೆಳಕು, ಎಷ್ಟೊಂದು ಬೆಳಕು, ಅದರಾಚೆ ಏನೂ ಕಾಣುವುದಿಲ್ಲ, ಅಕ್ಕ ಅಂದದ್ದು ನಿಜ, ಇಲ್ಲಿಂದ ಯಾರ ಮುಖವೂ ಕಾಣುವುದಿಲ್ಲ. ನಿರೂಪಕಿ ನಗುತ್ತಿದ್ದಾಳೆ, ಮಾರುಕಟ್ಟೆ ಈಗಷ್ಟೇ ಮುಚ್ಚಿದೆ, ಇವತ್ತೂ ಬ್ರೋಕರೇಜ್ ಷೇರುಗಳದ್ದೇ ಕಾರುಬಾರು, ಮೇಡಂ ಸಂಬಂಧಿಕರ ಬಳಿ ಈ ಷೇರು ಇದೆ ಅನ್ನೋದನ್ನ ಅವರೇ ತಿಳಿಸಿದಾರೆ, ಸಾರ್ ನೀವು ಶುರು ಮಾಡಿ. ಗೂಳಿ ಶುರು ಮಾಡಿದ, ನೋಡಿ, ಇವತ್ತು ದುಡಿಯೋ ಜನದಲ್ಲಿ ಷೇರು ಖಾತೆ ಇರೋರು ಬೆರಳೆಣಿಕೆ, ಉಳಿದೋರೆಲ್ಲ ಇನ್ನು ಬರೋರೇ ತಾನೇ. ಬರೋರು ಯಾವಾಗ ಬರ್ತಾರೆ ಸಾರ್, ಏರಿದಾಗ ಬರ್ತಾರೆ, ಇಳಿದಾಗ ಪಾಸ್‌ವರ್ಡ್ ಮರೀತಾರೆ — ಇದು ನನ್ನ ದನಿಯೇ, ಚೆನ್ನಾಗಿ ಬಂತು — ಮಳೆಗಾಲದಲ್ಲಿ ಛತ್ರಿ ಅಂಗಡಿಗೆ ಹೋಗಿ ಅವತ್ತಿನ ವ್ಯಾಪಾರ ನೋಡಿ, ವರ್ಷವಿಡೀ ಹೀಗೇ ಅಂತ ಲೆಕ್ಕ ಹಾಕಿ, ಆ ಲೆಕ್ಕದ ಮೇಲೆ ಮತ್ತೊಂದಿಷ್ಟು ಆಸೆ ಸೇರಿಸಿ ಅಂಗಡೀನೇ ಕೊಂಡ ಹಾಗಾಯ್ತು ಇದು, ಲಾಭ ತುತ್ತತುದೀಲಿದೆ, ಆ ಲಾಭಕ್ಕೆ ಜನ ಕೊಡ್ತಿರೋ ಬೆಲೆನೂ ತುತ್ತತುದೀಲಿದೆ, ಏಣಿ ಮೇಲೆ ಏಣಿ. ಗೂಳಿ ಕತ್ತು ತಗ್ಗಿಸಿ ಬಂದ, ಮೇಡಂ, ನಿಮ್ಮ ಛತ್ರಿ ಅಂಗಡಿ ಈಗ ಛತ್ರಿ ಒಂದೇ ಮಾರಲ್ಲ, ಚಳೀಗೆ ಸ್ವೆಟರ್ ಮಾರತ್ತೆ, ಬಿಸಿಲಿಗೆ ಟೋಪಿ ಮಾರತ್ತೆ, ಫಂಡ್ ಮಾರತ್ತೆ, ಗಿರಾಕಿಗೆ ಸಾಲ ಕೊಟ್ಟು ಬಡ್ಡಿ ತಗೊಳತ್ತೆ. ಸಾಲ ಏನಕ್ಕೆ ಕೊಡತ್ತೆ ಸಾರ್, ಇನ್ನಷ್ಟು ಛತ್ರಿ ಕೊಳ್ಳಕ್ಕೆ ತಾನೇ. ಯಾರೋ ಕತ್ತಲಲ್ಲಿ ನಕ್ಕರು, ಕ್ಯಾಮೆರಾದವನಿರಬೇಕು, ಅವನಲ್ಲೂ ಈ ಷೇರಿರಬೇಕು. ಆದರೆ ಗೂಳಿ ದಡ್ಡನಲ್ಲ, ಅದೇ ಕಷ್ಟ, ಅವನು ಹೇಳುವುದರಲ್ಲಿ ಹುರುಳಿದೆ, ನಾನು ಎರಡು ವರ್ಷದಿಂದ ಅತಿಯಾಯಿತು ಅತಿಯಾಯಿತು ಎಂದು ಬರೆಯುತ್ತಲೇ ಇದ್ದೇನೆ, ಷೇರು ಓದಿಕೊಂಡ ಹಾಗಿಲ್ಲ, ಅದರ ಪಾಡಿಗೆ ಎರಡು ಪಟ್ಟಾಗಿದೆ, ನಾನು ಬರೆದದ್ದನ್ನು ಅಕ್ಕ ಆಗಲೇ ಓದಿದ್ದರೆ, ಓದಲಿಲ್ಲ ಸದ್ಯ, ಸದ್ಯವೋ ಅಯ್ಯೋವೋ. ನಾಳೆ ಮಾರಿಸಿ, ನಾಡಿದ್ದು ಮತ್ತೆ ಏರಿದರೆ, ಅಕ್ಕ ಏನೂ ಅನ್ನುವುದಿಲ್ಲ, ಅನ್ನದೇ ಇರುವುದೇ ಅವಳ ದೊಡ್ಡ ಬೈಗುಳ. ಇಟ್ಟುಕೊಳ್ಳಲಿ ಎಂದು ಬಿಟ್ಟು, ಮಳೆ ನಿಂತು, ಅಂಗಡಿ ಖಾಲಿಯಾದರೆ, ಸೋಫಾ. ಎರಡು ತಪ್ಪೂ ಒಂದೇ ತೂಕದವಲ್ಲ, ಇದನ್ನು ಯಾವ ಚಾರ್ಟಿನಲ್ಲಿ ಬಿಡಿಸಲಿ. ಬೆಲೆ ಹೆಚ್ಚೋ ಕಡಿಮೆಯೋ ಅನ್ನುವುದು ಗೂಳಿಗೂ ನನಗೂ ವಾದ, ಸೋತವರು ಮುಂದಿನ ವಾರ ಬಂದು ಇನ್ನೊಂದು ವಾದ ಮಾಡುತ್ತಾರೆ, ಮುಖಕ್ಕೆ ಅದೇ ಪೌಡರು ಹಚ್ಚಿಸಿಕೊಂಡು — ಒಂದು ಸಣ್ಣ ವಿರಾಮ, ಎಲ್ಲೂ ಹೋಗ್ಬೇಡಿ.

ಜಾಹೀರಾತು. ಗೂಳಿ ನೀರು ಕುಡಿದು ನನ್ನ ಕಡೆ ವಾಲಿದ, ಸಂಬಂಧಿಕರು ಅಂದ್ರಲ್ಲ, ಯಾರು ಮೇಡಂ. ಅಕ್ಕ, ನಮ್ಮ ಭಾವ ಆ ಷೇರಿನ ಕಂಪನೀಲೇ ಡೀಲರ್ ಆಗಿದ್ರು, ಎಲ್ಲರಿಗೂ ಇಟ್ಕೊಳ್ಳಿ ಇಟ್ಕೊಳ್ಳಿ ಅಂತಿದ್ರು. ಯಾರು, ಅಯ್ಯೋ, ಇಟ್ಕೊಳ್ಳಿ ಸಾರಾ, ನಿಮ್ಮ ಭಾವಾನಾ ಅವರು, ನನ್ನ ಮೊದಲನೇ ಡೀಲರ್ ಅವರು ಮೇಡಂ, ನಾನಾಗ ಹಸಿ ಹಸಿ ಹುಡುಗ, ಎಲ್ಲ ಕೊಳ್ಳಿ ಸಾರ್ ಅಂತ ಫೋನ್ ಮಾಡಿದ್ರೆ, ಊಟ ಆಯ್ತೇನಪ್ಪಾ, ಮೊದ್ಲು ಊಟ ಮಾಡು, ಆಮೇಲೂ ಬೇಕು ಅನ್ನಿಸಿದ್ರೆ ಫೋನ್ ಮಾಡು ಅಂದು ಇಟ್ಟೇಬಿಡೋರು, ಊಟ ಆದ್ಮೇಲೆ ಬೇಕು ಅಂತಾನೇ ಅನ್ನಿಸ್ತಿರಲಿಲ್ಲ, ಒಂದ್ಸಲ ಅವರನ್ನ ನೋಡ್ಲೇಬೇಕು ಅಂತ ಆಫೀಸಿಗೇ ಹೋಗಿದ್ದೆ, ಎಡಗಿವಿ ಹೇಗಿತ್ತು ಮೇಡಂ ಅವರದು, ಕೆಂಪಗೆ, ಫೋನ್ ಒತ್ತಿ ಒತ್ತಿ ಚಪ್ಪಟೆ ಆಗ್ಬಿಟ್ಟಿತ್ತು, ಈಗ ಹೇಗಿದಾರೆ. ಇಲ್ಲ ಸಾರ್, ಹೋದ ವರ್ಷ ಹೋದ್ರು. ಗೂಳಿಯ ಕತ್ತು ಸಣ್ಣದಾಯಿತು, ಲೋಟ ಕೆಳಗಿಟ್ಟ, ಮತ್ತೆ ಎತ್ತಿಕೊಂಡ, ಛೆ ಅಂದ, ಗೊತ್ತೇ ಆಗಲಿಲ್ಲ ನೋಡಿ ಅಂದ, ಆಮೇಲೆ, ಅಕ್ಕ ಅವರಿಗೆ ಇಟ್ಕೊಳ್ಳಕ್ಕೆ ಹೇಳಿ ಮೇಡಂ, ಅವರ ಮಾತು ಉಳಿದಂಗಾಗತ್ತೆ ಅಂದ, ವಾದಕ್ಕಲ್ಲ, ಮನಸ್ಸಿನಿಂದಲೇ ಅಂದ, ಗೂಳಿಗೂ ಮನಸ್ಸಿದೆ, ಅದೂ ಏರುಗತಿಯದೇ. ಕಿವಿ. ಯಾಕಪ್ಪಾ ಆ ಕಿವಿ ತೆಗೆದೆ ನೀನು, ನಾನೆಲ್ಲೋ ಇಟ್ಟು ಮರೆತಿದ್ದೆ, ಎಡಗಿವಿ, ಎಲುಬು ಮೆತ್ತಗಾದ ಹಾಗೆ, ಒತ್ತಿದರೆ ಒತ್ತಿದ ಕಡೆಗೇ ನಿಲ್ಲುತ್ತಿದ್ದ ಕಿವಿ, ಅಕ್ಕ ತಮಾಷೆ ಮಾಡುತ್ತಿದ್ದಳು, ಇವರ ಕಿವಿ ಇಸ್ತ್ರಿ ಮಾಡಿಟ್ಟ ಕರವಸ್ತ್ರ ಇದ್ದಂಗೆ, ಮಡಚಿದ್ರೆ ಮಡಚ್ಕೊಳತ್ತೆ.

ಬೆಳಕು ಮತ್ತೆ. ನಿರೂಪಕಿ, ಮೇಡಂ ನೀವು ಹೇಳಿ, ಹಿಂದೆ ಹೀಗೆ ಏರಿದಾಗೆಲ್ಲ ಏನಾಗಿದೆ. ಹೇಳುತ್ತಿದ್ದೇನೆ, ಬಾಯಿ ತಾನಾಗಿ ಹೇಳುತ್ತದೆ, ಅಭ್ಯಾಸಬಲ, ವ್ಯವಹಾರ ಅರ್ಧಕ್ಕೆ ಇಳಿದ್ರೆ ಲಾಭ ಅರ್ಧಕ್ಕಲ್ಲ, ನೆಲಕ್ಕೇ ಇಳಿಯತ್ತೆ, ಯಾಕಂದ್ರೆ ಬಾಡಿಗೆ ಇಳಿಯಲ್ಲ, ಸಂಬಳ ಇಳಿಯಲ್ಲ — ಬಾಯಿ ಇಲ್ಲಿದೆ, ನಾನು ಆಸ್ಪತ್ರೆಯಲ್ಲಿದ್ದೇನೆ, ಭಾವನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ, ಅದರ ಎಲಾಸ್ಟಿಕ್ಕು ಎಡಗಿವಿಯ ಮೇಲೆ ಹಾದು ಕಿವಿ ಮಡಚಿಕೊಂಡಿದೆ, ಬೇರೆ ಯಾರ ಕಿವಿಯಾದರೂ ಎಲಾಸ್ಟಿಕ್ಕನ್ನು ತಳ್ಳಿ ನಿಲ್ಲುತ್ತಿತ್ತು, ಈ ಕಿವಿ ನಿಲ್ಲದು, ಅಕ್ಕ ತೋರುಬೆರಳಿನಿಂದ ಮೆಲ್ಲಗೆ ಬಿಡಿಸುತ್ತಾಳೆ, ಬಿಟ್ಟ ಕೂಡಲೇ ಮಡಚಿಕೊಳ್ಳುತ್ತದೆ, ಮತ್ತೆ ಬಿಡಿಸುತ್ತಾಳೆ. ನರ್ಸಮ್ಮ ಬಂದು, ಅಮ್ಮಾ ಬಿಡಿ, ಅವರಿಗೇನೂ ಗೊತ್ತಾಗಲ್ಲ ಅಂದರು. ನಂಗೆ ಗೊತ್ತಾಗತ್ತಲ್ಲಮ್ಮ ಅಂದಳು ಅಕ್ಕ — ಅಂದ್ರೆ ಮೇಡಂ ನಿಮ್ಮ ಪ್ರಕಾರ ಮಳೆ ನಿಲ್ಲತ್ತೆ. ನಿಂತೇ ನಿಲ್ಲತ್ತೆ, ಯಾವಾಗ ಅಂತ ನಂಗೊತ್ತಿಲ್ಲ. ಗೊತ್ತಿಲ್ಲ ಅಂತ ಟಿವಿಯಲ್ಲಿ ಅಂದುಬಿಟ್ಟೆ, ಕಿವಿಯೊಳಗೆ ಸಿಕ್ಕಿಸಿದ ಯಂತ್ರದಲ್ಲಿ ನಿರ್ಮಾಪಕರು ಉಸಿರೆಳೆದುಕೊಂಡದ್ದು ಕೇಳಿಸಿತು, ನನ್ನ ಕಿವಿ ನೆಟ್ಟಗೇ ಇದೆ, ಗಟ್ಟಿ ಕಿವಿ, ಯಾರ ಮಾತೂ ಒತ್ತಿ ಚಪ್ಪಟೆ ಮಾಡಿಲ್ಲ ಇದನ್ನು. ಗೂಳಿ ಈಗ ಮೆತ್ತಗೆ ಮಾತಾಡುತ್ತಿದ್ದಾನೆ, ತಾಳ್ಮೆ ಇರೋರಿಗೆ ಈ ಷೇರು ಅಂತ ಏನೋ, ಇದ್ದಕ್ಕಿದ್ದ ಹಾಗೆ ಭಾವನ ಶಿಷ್ಯನಾಗಿಬಿಟ್ಟಿದ್ದಾನೆ, ಪರವಾಗಿಲ್ಲ. ಆದರೆ ಭಾವ ಇಟ್ಕೊಳ್ಳಿ ಅಂದದ್ದು ಷೇರಿನ ಮೇಲಿನ ಪ್ರೀತಿಗೋ, ಫೋನಿನ ಆ ಕಡೆಯ ಮನುಷ್ಯ ಹೆದರಿದ್ದಾನೆ ಅನ್ನುವುದಕ್ಕೋ. ಊಟ ಆಯ್ತೇನಪ್ಪಾ. ಹೆದರಿದವನಿಗೆ ಧೈರ್ಯ ಹೇಳುವುದು ಅವರಿಗೆ ಗೊತ್ತಿದ್ದ ಒಂದೇ ರೀತಿ ಅದು, ಅದಕ್ಕೊಂದು ಷೇರಿನ ಹೆಸರು ಅಂಟಿಕೊಂಡಿತು, ಅಷ್ಟೆ. ಈಗ ಹೆದರಿರುವವಳು ಅವರ ಹೆಂಡತಿ. ಅವಳಿಗೆ ಏನು ಅನ್ನುತ್ತಿದ್ದರು ಅವರು — ಆಯ್ತು, ಸಮಯ ಮುಗೀತಾ ಬಂತು, ಇನ್ನು ನಮ್ಮ ಒಂದೇ ಪದ.

ಸಾರ್. ಕೊಳ್ಳಿ, ಅಂದ ಗೂಳಿ, ಕೆಂಪು ಪಟ್ಟಿಯಲ್ಲಿ ಕೊಳ್ಳಿ ಓಡಿತು, ಉರಿದುಕೊಂಡು. ಮೇಡಂ, ಒಂದೇ ಪದದಲ್ಲಿ ಹೇಳಿ ಮೇಡಂ. ಇಟ್ಟು, ನಾಲಗೆ ತುದಿಯಲ್ಲೇ ಇದೆ ಇಟ್ಟುಕೊಳ್ಳಿ, ಸುಖವಾಗಿ ಕೂತಿದೆ, ಆದರೂ ಸಾರ್ ಆಫೀಸಿನ ಟಿವಿಯ ಮುಂದೆ ಕೈಕಟ್ಟಿ ನಿಂತಿದ್ದಾರೆ, ತಿಳಿದೋರಿಗೆ ತಿಳಿಯತ್ತೆ, ತಿಳಿಯದವಳೊಬ್ಬಳು ಬಾಡಿಗೆ ಮನೆಯ ಮಹಡಿಯಲ್ಲಿ ಕನ್ನಡಕ ತಲೆಯ ಮೇಲೆ ಏರಿಸಿಕೊಂಡು, ನೋಡುವುದಿಲ್ಲ ಅವಳು, ಟಿವಿಯನ್ನು ರೇಡಿಯೋದ ಹಾಗೆ ಕೇಳುತ್ತಾಳೆ, ಭಾವನ ಪದವೇ ತಂಗಿಯ ಬಾಯಲ್ಲೂ ಬಂದರೆ ದೇವರೇ ಹೇಳಿದ ಹಾಗೆ, ಜೀವ ಹೋದರೂ ಮಾರುವುದಿಲ್ಲ. ಹಾಗಾದರೆ ಮಾರಿ ಅನ್ನು, ಅನ್ನು, ಬಾಯಿ ಬಿಡು, ಮಾರಿ, ಬಹುವಚನ, ಊರಿಗೆ ಕೊಡುವ ಮರ್ಯಾದೆ, ಅಕ್ಕನಿಗೆ ಹುಟ್ಟಿದಾಗಿನಿಂದ ಒಂದು ದಿನವೂ ಬಹುವಚನ ಹಚ್ಚಿದವಳಲ್ಲ, ಹೋಗಿ ಬನ್ನಿ ಅಂದವಳಲ್ಲ, ಕೂತ್ಕೊಳ್ಳಿ ಅಂದವಳಲ್ಲ, ಅಂದಿದ್ದರೆ ಯಾಕೆ ನಿಂಗೆ ಹುಷಾರಿಲ್ವಾ ಎಂದು ಹಣೆ ಮುಟ್ಟಿ ನೋಡುತ್ತಿದ್ದಳು, ಈ ಪರಕೀಯ ಪದವನ್ನು ಅವಳ ಕೈಗೆ ಹೇಗೆ ಕೊಡಲಿ, ಗಂಡನ ಕೊನೆಯ ವಸ್ತುವನ್ನು ಬಿಡು ಎಂದು ಬ್ಯಾಂಕಿನ ನೋಟೀಸಿನ ಹಾಗೆ ಹೇಗೆ — ಮೇಡಂ — ಮಾರಕ್ಕ, ಅಂದೆ. ಅಂದುಬಿಟ್ಟೆ. ಜೋರಾಗಿಯೇ, ಮಹಡಿಯವರೆಗೂ ಕೇಳಿಸುವ ಹಾಗೆ.

ಮಾರಕ! ಅಂದಳು ನಿರೂಪಕಿ, ಕಣ್ಣರಳಿಸಿ, ಓ ಮೈ ಗಾಡ್, ಮೂರು ಪದ ಸಾಲದೆ ನಾಲ್ಕನೇದೇ ಕೊಟ್ಬಿಟ್ರು ಮೇಡಂ, ಮಾರಕ, ಒಳಗೆ ಕೀ ಒತ್ತುವವನ ಬೆರಳೂ ತಡಮಾಡಲಿಲ್ಲ, ಕೆಂಪು ಪಟ್ಟಿಯಲ್ಲಿ ಬ್ರೋಕರೇಜ್ ಷೇರು ಮಾರಕ, ಮಾರಕ, ಮಾರಕ ಎಂದು ರೈಲು ಹೊರಟಿತು. ಗೂಳಿ ಗಹಗಹಿಸಿದ, ಷೇರಾ ಮೇಡಂ ಇದು ಕಾಯಿಲೆನಾ. ನಾನೂ ನಗುತ್ತಿದ್ದೇನೆ, ತಿದ್ದಬೇಕು, ಹಾಗಲ್ಲ, ನಾನಂದದ್ದು ಮಾರಿ ಎಂದು ತಿದ್ದಿದೆ, ಅಷ್ಟರಲ್ಲಿ ಸಂಗೀತ ಶುರುವಾಗಿ ನನ್ನ ತುಟಿಯಷ್ಟೇ ಆಡಿರಬೇಕು, ಕಟ್, ಚೆನ್ನಾಗಿತ್ತು, ಬೆಳಕು ಆರಿತು, ಯಾರೋ ಬೆನ್ನ ಹಿಂದಿನ ವೈರು ಬಿಚ್ಚುತ್ತಿದ್ದಾರೆ. ಚೀಲದೊಳಗೆ ಫೋನು ಗುರುಗುಟ್ಟುತ್ತಿದೆ, ಆದರೂ ಸಾರ್ ಮೆಸೇಜು, ಆದರೂ ಮಾರಕ ಅನ್ಬೇಕಿತ್ತಾ ಮೇಡಂ, ಬರಲಿ, ನಾಳೆ ವಿವರಣೆ ಬರೆದುಕೊಟ್ಟರಾಯಿತು, ನಾಲಗೆ ಜಾರಿತು ಎಂದು, ಮನೆಗೆ ಮಾರಿ ಪರರಿಗೆ ಉಪಕಾರಿ ಆಗಿದ್ದು ಸಾಕು, ಒಂದು ದಿನ ತಿರುಗಾಮುರುಗಾ ಆಗಲಿ. ಗೂಳಿ ಬಾಗಿಲ ಹತ್ತಿರ ನಿಂತ, ನಗು ಹೋಗಿತ್ತು ಅವನ ಮುಖದಲ್ಲಿ, ಮೇಡಂ, ಅಕ್ಕ ಅಂದ್ರಿ ಅಲ್ವಾ ನೀವು, ಮಾರು ಅಕ್ಕ ಅಂದ್ರಿ. ನಾನು ಮ್ಮ್ ಅಂದೆ. ಯಾರಿಗೂ ಹೇಳಲ್ಲ ಬಿಡಿ ಅಂದು ಹೋದ. ಅಕ್ಕನ ಫೋನಿಲ್ಲ. ಓದುವವರಿಗೆಲ್ಲ ಮಾರಕ, ಕೇಳುವವಳಿಗೆ ಕೇಳಿಸಿರುತ್ತದೆ, ಕೇಳಿಸಿರುತ್ತದೆ, ಅವಳೀಗ ಟಿವಿ ಆರಿಸಿರಬಹುದು, ಆರಿಸದೆ ಕೂತಿರಬಹುದು, ಫೋನ್ ಎತ್ತಿಕೊಂಡು ಇಟ್ಟಿರಬಹುದು, ನಾನೇ ಮಾಡಲೇ, ಮಾಡಿ ಏನನ್ನಲಿ, ಊಟ ಆಯ್ತಾ ಅನ್ನಲೇ, ನನ್ನ ಬೆರಳು ಒತ್ತುತ್ತಿಲ್ಲ, ಆಸ್ಪತ್ರೆಯಲ್ಲಿ ಅವಳ ಬೆರಳು, ತೋರುಬೆರಳು, ಮೆಲ್ಲಗೆ, ಎಲಾಸ್ಟಿಕ್ಕಿನ ಕೆಳಗಿಂದ ಕೆಂಪು ಕಿವಿಯನ್ನು ಬಿಡಿಸುವ ಬೆರಳು, ಬಿಟ್ಟರೆ ಮಡಚಿಕೊಳ್ಳುತ್ತದೆ, ಬಿಡಿಸುತ್ತಾಳೆ, ಬಿಟ್ಟರೆ ಮಡಚಿಕೊಳ್ಳುತ್ತದೆ, ಬೆರಳು ಅಲ್ಲೇ ಇದೆ, ಬಿಡುವುದಿಲ್ಲ, ಬಿಟ್ಟರೆ, ಕಿವಿ